ಪಟ್ಟಕ್ಕೆ ಕೂತ ಭರಣಿ

ಭದ್ರಾವತಿ
14 ಜುಲೈ 2025

ತೀರ್ಥರೂಪು ಸಮಾನನಾದ ಅಣ್ಣನಿಗೆ ಶ್ರೀಗೌರಿಯ ನಮಸ್ಕಾರಗಳು.

ವಿದ್ಯಾನಗರದಿಂದ ಹೊಳೆಹೊನ್ನೂರಿನವರೆಗೆ ವಾಸವಾಗಿರುವ ಸಮಸ್ತ ಬಂಧುವರ್ಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಮನೆಯ ಹಾಲ್‌ನಲ್ಲಿ ಎರಡು ದಶಕ ಏಕಚ್ಛತ್ರವಾಗಿ ಆಳಿದ ಕಂದು ಬಣ್ಣದ ಸೋಫಾ ನಿನ್ನೆ ಭಾನುವಾರ ಬೆಳಿಗ್ಗೆ, ರಾಹುಕಾಲವಿಲ್ಲದ ಹೊತ್ತು ನೋಡಿ, ವರಾಂಡಕ್ಕೆ ನಿವೃತ್ತಿ ಹೊಂದಿದೆ. ಅದರ ಸೇವೆಯನ್ನು ಸ್ಮರಿಸಿ ನಾನೊಬ್ಬಳೇ ಕಾಫಿ ಕುಡಿದೆ.

ಹದಿನೆಂಟು ಕಿಲೋಮೀಟರಿಗೆ ಪತ್ರ ಯಾಕೆ, ಫೋನಿಲ್ಲವೇ ಎಂದು ನೀನು ಕೇಳುತ್ತೀ. ಜೀವಮಾನವಿಡೀ ಅಂಚೆ ಇಲಾಖೆಯ ಅನ್ನ ತಿಂದು ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತಳಾದವಳು ವಾಟ್ಸಾಪಿನಲ್ಲಿ ಜಗಳ ಆಡಿದರೆ ಅನ್ನದ್ರೋಹವಾಗುತ್ತದೆ. ಅಲ್ಲದೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಪತ್ರದಲ್ಲಿ ನಿನಗೆ ಆ ಸೌಕರ್ಯವಿಲ್ಲ.

ಜಗಳ ಯಾವುದು ಎಂದರೆ, ಇನ್ನೂ ಶುರುವಾಗಿಲ್ಲ. ಈಗ ಶುರುಮಾಡುತ್ತೇನೆ. ಸೋಫಾ ಎದ್ದ ಜಾಗದಲ್ಲಿ ಮರದ ಮೆಟ್ಟಿಲು ಬರಲಿದೆ. ಈ ನವರಾತ್ರಿಗೆ ನಾನು ನನ್ನ ಮನೆಯಲ್ಲಿ ಗೊಂಬೆ ಕೂರಿಸುತ್ತೇನೆ.

ನಿಯಮ ನನಗೆ ಗೊತ್ತು, ಶ್ಲೋಕ ಹುಡುಕಬೇಡ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ-ರಾಣಿ ಕೂರದೆ ಮಿಕ್ಕ ಗೊಂಬೆ ಕೂರುವಂತಿಲ್ಲ. ಪಟ್ಟದ ಗೊಂಬೆಯನ್ನು ತವರಿನವರು ಮದುವೆಯಲ್ಲಿ ಕೊಡಬೇಕು. ನನಗೆ ಮದುವೆಯಾಗಲಿಲ್ಲ. ಆದ್ದರಿಂದ ಅರವತ್ತು ದಾಟುವವರೆಗೆ ಊರವರ ಮನೆಯ ಗೊಂಬೆಗಳನ್ನು ನೋಡಿ, ಚೆನ್ನಾಗಿದೆ ಎಂದು ಹೊಗಳಿ, ಕಡಲೆ ಉಸಲಿ ತಿಂದು ಬಂದಿದ್ದೇನೆ. ಅಮ್ಮ ನನಗೆಂದು ತಂದಿಟ್ಟ ಮರದ ಜೋಡಿ ಟ್ರಂಕಿನಲ್ಲಿ ಕಾದು ಕಾದು, ಹೋದ ವರ್ಷ ನಿನ್ನ ಮಗಳು ಮಾನಸಳ ಮದುವೆಯಲ್ಲಿ ಅವಳ ಜೊತೆ ಹೋಯಿತು. ಮಾನಸ ನನಗೂ ಮಗಳೇ. ಆ ವಿಷಯ ನಾನು ಅವತ್ತೂ ಆಡಲಿಲ್ಲ, ಇವತ್ತೂ ಆಡುತ್ತಿಲ್ಲ.

ಆದರೆ ನನ್ನ ಹತ್ತಿರ ಬೇರೆ ಪರಿವಾರವಿದೆ. ನೀನು 'ಗೌರಿಯ ಚೀನಾ ಹುಚ್ಚು' ಎಂದು ಕರೆಯುವ ಪ್ಲಮ್ ಹೂವಿನ ಹಳೆಯ ಸಾಮಾನು. ಅದೆಲ್ಲ ಬೀರುವಿನೊಳಗೆ ಕತ್ತಲಲ್ಲಿ ಕೂತಿರುವುದು ನನಗೇ ನೋಡಲಾಗುತ್ತಿಲ್ಲ. ಗುಜರಿ ಧರ್ಮೇಂದ್ರನ ಅಂಗಡಿಯಲ್ಲಿ ಬೋಲ್ಟು-ನಟ್ಟು ತುಂಬಿಕೊಂಡು ಕೂತಿದ್ದ ಬಿಳಿ ಬಟ್ಟಲು, ಹೊರಮೈಯಲ್ಲಿ ಹೂಗಳು ಉಬ್ಬಿಕೊಂಡು ಬೆರಳಿಗೆ ಸಿಗುತ್ತವಲ್ಲ, ಅದು. ಹಿಡಿಯೇ ಹೂಬಿಟ್ಟ ಕೊಂಬೆಯಾಗಿರುವ ಕೆಂಪು ಮಣ್ಣಿನ ಟೀ ಕುಡಿಕೆ. ಕೊರೆದ ಅರಗಿನ ಡಬ್ಬಿ. ಎಲ್ಲಕ್ಕೂ ಮೇಲೆ ನೀಲಿಯ ಜೋಡಿ ಭರಣಿ. ಒಂದರ ಕೊಂಬೆ ಎಡಕ್ಕೆ ಬಾಗಿದೆ, ಇನ್ನೊಂದರದು ಬಲಕ್ಕೆ. ಪಕ್ಕ ಪಕ್ಕ ಇಟ್ಟರೆ ಹೂಗಳು ಒಂದನ್ನೊಂದು ಮಾತಾಡಿಸುತ್ತವೆ. ಪಟ್ಟಕ್ಕೆ ಅವೇ. ಸೀರೆ, ಪಂಚೆ ಉಡಿಸಿದರೆ ಮುಚ್ಚಳವೇ ಕಿರೀಟ.

ರಾಣಿ ಇಲ್ಲಿದ್ದಾಳೆ. ರಾಜ ನಿಮ್ಮ ಮನೆಯಲ್ಲಿದ್ದಾನೆ. ಅಮ್ಮನಿಗೆ ಇಷ್ಟವಾಯಿತೆಂದು ಅವಳ ಎಂಬತ್ತನೆಯ ವರ್ಷದ ಶಾಂತಿಯಲ್ಲಿ ನಾನೇ ಕೊಟ್ಟಿದ್ದೆ. ಅವಳು ಹೋದ ಮೇಲೂ ಅಲ್ಲೇ ಉಳಿದ. ಹತ್ತು ದಿನಕ್ಕೆ ಅವನನ್ನು ಕಳಿಸಿಕೊಡು. ನೀನೂ ಅತ್ತಿಗೆಯೂ ಮೊದಲ ದಿನ ಬಂದು ನಿಮ್ಮ ಕೈಯಿಂದಲೇ ಕೂರಿಸಿಕೊಡಬೇಕು. ತವರಿನವರು ಎಂದು ನನಗೆ ಇನ್ಯಾರಿದ್ದಾರೆ?

ಇತಿ,
ನಿನ್ನ ತಂಗಿ ಶ್ರೀಗೌರಿ


ವಿದ್ಯಾನಗರ, ಶಿವಮೊಗ್ಗ
23 ಜುಲೈ 2025

ಚಿ|| ಕುಮಾರಿ ಶ್ರೀಗೌರಿಗೆ ಅಣ್ಣ ನರಸಿಂಹಮೂರ್ತಿಯ ಆಶೀರ್ವಾದಗಳು.

ಸೋಫಾದ ನಿಧನವಾರ್ತೆ ಓದಿ ವ್ಯಥೆಯಾಯಿತು. ಅದರ ಮೇಲೆ ಕೂತು ನಾನು ಸೊಂಟ ಹಿಡಿಸಿಕೊಂಡದ್ದು ಎರಡು ಬಾರಿ. ಆದರೂ ಹಳಬ.

ಇನ್ನು ನಿನ್ನ ಪಟ್ಟಾಭಿಷೇಕ. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳಿದವನು ಶ್ಲೋಕ ಹುಡುಕಬಾರದು ಎಂದರೆ, ನಿನ್ನನ್ನು ಸ್ಟಾಂಪು ಅಂಟಿಸಬೇಡ ಎಂದ ಹಾಗೆ. ಹುಡುಕಿದೆ. ಸಿಗಲಿಲ್ಲ. ಸಿಗದಿರುವುದರಿಂದಲೇ ಇದು ಎಷ್ಟು ಹಳೆಯ ಆಚಾರ ಎಂದು ತಿಳಿಯುತ್ತದೆ.

ಆದರೂ ಮೂರು ಮಾತು ಹೇಳಬೇಕು. ಆ ಭರಣಿಯ ಮೈತುಂಬ ಬಿರುಕು. ಭಿನ್ನವಾದದ್ದನ್ನು ದೇವರ ಮುಂದೆ ಇಡುವ ಪದ್ಧತಿ ನಮ್ಮಲ್ಲಿ ಇಲ್ಲ. ಎರಡನೆಯದು, ಅದು ಹೊರದೇಶದ ಮಾಲು, ಅದೂ ಗುಜರಿಯವನ ಮಾತು ನಂಬಿ ಕೊಂಡದ್ದು. ಅದರ ವಯಸ್ಸು ಅವನಿಗೂ ಗೊತ್ತಿಲ್ಲ, ಆ ಹೂವು ನಮ್ಮ ಯಾವ ಪೂಜೆಗೂ ಇಲ್ಲ. ಕೊನೆಯದಾಗಿ, ನಿನ್ನ ಅತ್ತಿಗೆ ಅದರಲ್ಲಿ ಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ. ಕೂತ ಮಿಡಿಯನ್ನು ನಡುವೆ ಕದಲಿಸಿದರೆ ವರ್ಷದ ಉಪ್ಪಿನಕಾಯಿ ಕೆಡುತ್ತದೆ. ಸೀತೆಯನ್ನು ಕೇಳಿದೆ. ಅವಳು ಏನೂ ಹೇಳಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದು ತೆಗೆದುಕೊಂಡಿದ್ದೇನೆ.

ನವರಾತ್ರಿಗೆ ಇಲ್ಲಿಗೇ ಬಾ. ನಮ್ಮನೆ ಗೊಂಬೆ ನಿನ್ನದೂ ಹೌದು. ಯಾವತ್ತು ನಿನ್ನನ್ನು ಹೊರಗಿನವಳಂತೆ ನೋಡಿದ್ದೇವೆ?

ಇತಿ ಆಶೀರ್ವಾದಗಳೊಂದಿಗೆ,
ನರಸಿಂಹಮೂರ್ತಿ


ಭದ್ರಾವತಿ
2 ಆಗಸ್ಟ್ 2025

ಅಣ್ಣನಿಗೆ ನಮಸ್ಕಾರಗಳು.

ಅರವತ್ತೊಂದರಲ್ಲಿ 'ಚಿರಂಜೀವಿ ಕುಮಾರಿ' ಎಂದು ಕರೆಸಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ? ಪತ್ರ ಕೊಟ್ಟ ಪೋಸ್ಟ್‌ಮನ್ ಲಕೋಟೆಯ ಮೇಲಿನ ಹೆಸರನ್ನೂ ನನ್ನನ್ನೂ ಒಮ್ಮೆ ನೋಡಿ, ಯಾವುದೋ ಮಗುವಿಗೆ ಬಂದದ್ದಿರಬೇಕು ಎನ್ನುವಂತೆ ನನ್ನ ಹಿಂದೆ ಇಣುಕಿದ.

ನಿನ್ನ ಮೂರು ಮಾತಿಗೂ ಉತ್ತರ ಕೊಡುತ್ತೇನೆ.

ಅವು ಬಿರುಕಲ್ಲ, ಚಿತ್ರ. ಚಳಿಗಾಲದ ಕೊನೆಗೆ ಹೆಪ್ಪುಗಟ್ಟಿದ ನದಿ ಒಡೆಯುತ್ತದಲ್ಲ, ಅದನ್ನು ಕುಂಚದಲ್ಲಿ ನೀಲಿಯಾಗಿ ಬರೆದಿದ್ದಾರೆ. ಅದರ ಮೇಲೆ ಬಿಳಿ ಹೂ. ಬೆರಳು ಆಡಿಸಿ ನೋಡು, ಬೆಣ್ಣೆಯ ಹಾಗೆ ನುಣ್ಣಗಿದೆ. ಇಷ್ಟು ವರ್ಷ ನಿಮ್ಮ ಉಗ್ರಾಣದಲ್ಲಿದೆ, ಒಂದು ತೊಟ್ಟು ಉಪ್ಪುನೀರು ಸೋರಿದೆಯೇ? ಬಿರುಕು ಬಿಟ್ಟದ್ದಾದರೆ ಅತ್ತಿಗೆ ಅದರಲ್ಲಿ ಮಿಡಿ ಹಾಕುವವರೇ? ದೇವರ ಮುಂದೆ ಇಡಲು ಒಡೆದದ್ದು, ಉಪ್ಪಿನಕಾಯಿಗೆ ಗಟ್ಟಿ. ಈ ತರ್ಕವನ್ನು ನಿನ್ನ ವಿದ್ಯಾರ್ಥಿ ಬರೆದಿದ್ದರೆ ಎಷ್ಟು ಅಂಕ ಕೊಡುತ್ತಿದ್ದೆ?

ಧರ್ಮೇಂದ್ರನ ಮಾತನ್ನು ನಾನು ಯಾವತ್ತೂ ನಂಬಿಲ್ಲ. ಅವನ ಅಂಗಡಿಯಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಈಚಿನ ವಸ್ತು ಒಂದೂ ಇಲ್ಲ, ಮಿಕ್ಸಿ ಜಾರೂ ಸೇರಿ. ನಾನು ನಂಬುವುದು ಭರಣಿಯ ತಳವನ್ನು. ಮೆರುಗಿಲ್ಲದ ಅಂಚು ಹಳೆಯ ಹೊಸ್ತಿಲಿನ ಹಾಗೆ ಸವೆದಿದೆ, ನಡುವೆ ನೀಲಿಯ ಜೋಡಿ ಉಂಗುರ ಬರೆದಿದೆ. ನೂರು ವರ್ಷ ಎಂದೋ ದಾಟಿದೆ. ಅರಸನ ಮುದ್ರೆ ಇಲ್ಲ. ಇದ್ದಿದ್ದರೆ ನನಗೇ ಅನುಮಾನ ಬರುತ್ತಿತ್ತು. ಸತ್ತ ಅರಸರ ಹೆಸರನ್ನು ಹೊಸ ಮಡಕೆಗೆ ಬರೆಯುವುದರಲ್ಲಿ ಅಲ್ಲಿಯ ಕುಂಬಾರರು ಧಾರಾಳಿಗಳು, ನಮ್ಮವರು ಮದುವೆ ಪತ್ರಿಕೆಯಲ್ಲಿ ಮುತ್ತಜ್ಜನನ್ನು ಅಚ್ಚು ಹಾಕಿಸುವ ಹಾಗೆ.

ಹೊರದೇಶ ಎಂದೆ. ನಿನ್ನ ಮಿಡಿಗೆ ಬಿದ್ದ ಮೆಣಸಿನಕಾಯಿ ಸಮುದ್ರ ದಾಟಿ ಬಂದದ್ದು. ನಿನ್ನ ಅಂಗಳದ ದೇವಕಣಗಿಲೆಯೂ ಹಾಗೇ ಬಂದದ್ದು. ಹೆಸರಿಗೆ ದೇವರನ್ನು ಅಂಟಿಸಿ ಒಳಗೆ ಬಿಟ್ಟುಕೊಂಡೆವು. ಈ ಪ್ಲಮ್ ಹೂ ಅದಕ್ಕೆ ದೂರದ ಅಕ್ಕನ ಹಾಗೆ. ಅದರ ಹಾಗೇ ಒಂದೂ ಎಲೆಯಿಲ್ಲದ ಬೋಳು ಕೊಂಬೆಯ ಮೇಲೆ, ಹಿಮ ಬೀಳುವಾಗ, ಮಿಕ್ಕ ಗಿಡಗಳೆಲ್ಲ ಹೊದ್ದು ಮಲಗಿರುವಾಗ, ಯಾರನ್ನೂ ಕೇಳದೆ ಅರಳುತ್ತದೆ. ನಾನು ಅದನ್ನೇ ಯಾಕೆ ಕೂಡಿಡುತ್ತೇನೆ, ಆನೆ, ನವಿಲು, ನಾಗರಹಾವು ಇಲ್ಲವೇ ಎಂದು ನೀನು ಕೇಳಿದ್ದೆ. ಬೇಕಾದರೆ ಸಕ್ರೆಬೈಲಿಗೆ ಹೋಗಿ ಆನೆ ನೋಡಿ ಬರುತ್ತೇನೆ. ಮನೆಯಲ್ಲಿ ನನಗೆ ಈ ಹೂವೇ ಬೇಕು.

ಹೊರಗಿನವಳಂತೆ ಯಾವತ್ತು ನೋಡಿದ್ದೇವೆ ಎಂದು ಬರೆದಿದ್ದೀ. ನೋಡಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಒಮ್ಮೆ ಬಂದು ನೋಡಿ.

ಅಂದಹಾಗೆ, ನಮ್ಮ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸುತ್ತಾರಂತೆ. ಇನ್ನು ಅದರ ಹೆಸರು ಇರುವುದಿಲ್ಲವಂತೆ. ಇಲಾಖೆಯಲ್ಲಿ ಕೊನೆಗೂ ಒಂದು ಮದುವೆಯಾಯಿತು. ನಾನು ಮಾತ್ರ ಹೆಸರು ಉಳಿಸಿಕೊಂಡಿದ್ದೇನೆ.

ಭರಣಿ ಯಾವಾಗ ಕಳಿಸುತ್ತೀ?

ಇತಿ,
ಶ್ರೀಗೌರಿ


ವಿದ್ಯಾನಗರ, ಶಿವಮೊಗ್ಗ
21 ಆಗಸ್ಟ್ 2025

ಚಿ|| ಕುಮಾರಿ ಶ್ರೀಗೌರಿಗೆ ಆಶೀರ್ವಾದಗಳು.

ಉತ್ತರಿಸಲು ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ನಿನ್ನ ಮಾತಿನ ಚುರುಕು ಅಮ್ಮನದು. ಅವಳ ಎದುರಿಗೂ ನಾನು ಗೆದ್ದವನಲ್ಲ. ಆದರೆ ಒಂದು ವಿಷಯವನ್ನು ತಮಾಷೆಯಿಲ್ಲದೆ ಹೇಳುತ್ತೇನೆ. ಅಪ್ಪ ಹೋದ ಮೇಲೆ ನಿನಗೆ ಗಂಡು ಹುಡುಕುವ ಜವಾಬ್ದಾರಿ ನನ್ನದಾಗಿತ್ತು. ಎಷ್ಟು ಮನೆ ಹತ್ತಿ ಇಳಿದೆ ಎಂದು ನಿನಗೂ ಗೊತ್ತಿದೆ, ನೀನು ಎಷ್ಟನ್ನು ಬೇಡವೆಂದೆ ಎಂದು ನನಗೂ ಗೊತ್ತಿದೆ. ಲೋಕಕ್ಕೆ ಅದು ಗೊತ್ತಿಲ್ಲ. ಈಗ ನೀನು ಪಟ್ಟ ಕೂರಿಸಿ ಊರಿಗೆಲ್ಲ ಅರಿಶಿನ-ಕುಂಕುಮಕ್ಕೆ ಹೇಳಿದರೆ ಜನ ಕೇಳುವುದು ನನ್ನನ್ನು. ತಂಗಿಗೆ ಮದುವೆ ಮಾಡಲಿಲ್ಲ, ಕೊನೆಗೆ ಅವಳು ಉಪ್ಪಿನಕಾಯಿ ಭರಣಿಗಳಿಗೆ ಮದುವೆ ಮಾಡಿ ಕೂರಿಸಿದಳೇ ಎಂದು ನಗುತ್ತಾರೆ.

ಭರಣಿ ಕಳಿಸುವುದಿಲ್ಲ. ನೀನು ಕೂರಿಸಿಯೇ ತೀರುವುದಾದರೆ ಈ ಮನೆಯಿಂದ ಯಾರೂ ಅಲ್ಲಿಗೆ ಬರುವುದಿಲ್ಲ. ಇದು ಕೊನೆಯ ಮಾತು.

ಇತಿ,
ನರಸಿಂಹಮೂರ್ತಿ

ವರಾಂಡಕ್ಕೆ ಎರಚಲು ಹೊಡೆಯುತ್ತದೆ. ಸೋಫಾದ ಮೇಲೆ ಟಾರ್ಪಾಲ್ ಹೊದಿಸು.


ಭದ್ರಾವತಿ
24 ಸೆಪ್ಟೆಂಬರ್ 2025

ಅಣ್ಣನಿಗೆ ನಮಸ್ಕಾರಗಳು.

ಸೋಫಾಕ್ಕೆ ಟಾರ್ಪಾಲ್ ಹೊದಿಸಿದ್ದೇನೆ. ನಿನ್ನ ಪತ್ರದಲ್ಲಿ ನಾನು ಪಾಲಿಸಿದ ಅಪ್ಪಣೆ ಅದೊಂದೇ.

ಒಂದು ತಿಂಗಳು ಬರೆಯಲಿಲ್ಲ. ಮೆಟ್ಟಿಲು ಮಾಡಿಸುವುದು, ಬಿಳಿ ಬಟ್ಟೆ ಹೊದಿಸುವುದು, ಕೆಲಸ ಬಹಳ ಇತ್ತು. ಕೆಲಸ ಇಲ್ಲದಾಗ ನಿನ್ನ ಕೊನೆಯ ಮಾತನ್ನು ತೆಗೆದು ಓದಿದೆ. ನೀನು ಹತ್ತಿ ಇಳಿದ ಮನೆಗಳು ನನಗೆ ನೆನಪಿವೆ. ಪ್ರತಿ ಸಲ ನೀನು ಹೊಸ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದೆ. ನಾನು ಬೇಡವೆಂದದ್ದು ಆ ಗಂಡುಗಳನ್ನು, ನಿನ್ನನ್ನಲ್ಲ. ಇದನ್ನು ನಿನಗೆ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಪಟ್ಟ ಕೂರಿಸಿದೆ. ರಾಣಿಯೊಬ್ಬಳೇ.

ಹಿಂದಿನ ದಿನದವರೆಗೂ ರಾಜನಿಗೆ ಬದಲಿ ಹುಡುಕುತ್ತಿದ್ದೆ. ಟೀ ಕುಡಿಕೆಗೆ ಪಂಚೆ ಉಡಿಸಿ ನೋಡಿದೆ. ಅವಳ ಪಕ್ಕ ಅದು ಮಂಡಿ ನೋವಿನ ಶಾನುಭೋಗನ ಹಾಗೆ ಕಾಣಿಸಿತು. ತೆಗೆದು ಕೆಳಗಿಟ್ಟೆ. ಹಿಂದೆ ಸರಿದು ನೋಡಿದರೆ ರಾಣಿ ಒಬ್ಬಳೇ, ಹಸಿರು ಜರಿಯಂಚಿನ ರವಿಕೆ ಕಣ ಸುತ್ತಿಕೊಂಡು, ಮುಚ್ಚಳದ ಕಿರೀಟ ಹೊತ್ತು, ಇಡೀ ಮೆಟ್ಟಿಲು ತುಂಬಿ ಕೂತಿದ್ದಾಳೆ. ಪಕ್ಕದ ಜಾಗ ಖಾಲಿ ಎಂದು ಕಾಣಲಿಲ್ಲ, ಆರಾಮಾಗಿದೆ ಎಂದು ಕಂಡಿತು. ಜೋಡಿಗಾಗಿ ನಿನ್ನನ್ನು ಅಷ್ಟು ಕೇಳಿದೆನಲ್ಲ, ಅದೂ ಬರೀ ಅಭ್ಯಾಸಬಲ. ಆಮೇಲೆ ನಡುಮಧ್ಯಕ್ಕೆ ಸರಿಸಿ ಕೂರಿಸಿದೆ.

ಕೆಳಗಿನ ಮೆಟ್ಟಿಲುಗಳಲ್ಲಿ ಬಟ್ಟಲು, ಡಬ್ಬಿ, ತಟ್ಟೆ, ಎಲ್ಲೆಲ್ಲೂ ಹೂ. ಕೊನೆಯದರಲ್ಲಿ ಮಾತ್ರ ನಿನ್ನ ಸಮಾಧಾನಕ್ಕೆ ಸ್ವದೇಶಿ. ಮಣ್ಣಿನ ಶೆಟ್ಟಿ-ಶೆಟ್ಟಮ್ಮನನ್ನು ಕೂರಿಸಿ, ಮುಂದೆ ಅಕ್ಕಿ, ಬೇಳೆ, ಬೆಲ್ಲದ ಅಂಗಡಿ ಇಟ್ಟಿದ್ದೇನೆ.

ಜನ ನಗುತ್ತಾರೆ ಎಂದಿದ್ದೆ. ಬಂದರು, ನಕ್ಕರು, ಉಸಲಿ ತಿಂದರು, ಮಾರನೆಯ ದಿನ ತಂಗಿ, ನಾದಿನಿಯರನ್ನು ಕರೆದುಕೊಂಡು ಮತ್ತೆ ಬಂದರು. ಹಿಂದಿನ ಬೀದಿಯ ತಮಿಳು ಹೆಂಗಸರು, ತಮ್ಮ ಮನೆಯಲ್ಲೂ ಕೊಲು ಎಂದು ಗೊಂಬೆ ಇಟ್ಟವರು, ರಾಣಿಯ ಎದುರು ನಿಂತು ಎರಡು ಹಾಡು ಹೇಳಿದರು. ಪಕ್ಕದ ಮನೆಯ ಹುಚ್ಚಮ್ಮ, ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡು ಬಹಳ ಕಾಲವಾಯಿತು, ಬಾಗಿಲಲ್ಲೇ ನಿಂತು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದಳು:

"ರಾಜ ಎಲ್ಲಮ್ಮಾ?"

ಇಲ್ಲ ಎಂದೆ.

"ಒಳ್ಳೇದಾಯ್ತು ಬಿಡಿ. ಕುಡ್ಕಂಡು ಬರೋ ಕಾಟ ಇಲ್ಲ."

ಒಳಗೆ ಕರೆದು ಕುಂಕುಮದ ತಟ್ಟೆ ಹಿಡಿದಾಗ ಕೈ ಹಿಂದಕ್ಕೆ ಕಟ್ಟಿಕೊಂಡಳು. ತನಗೆ ಸಲ್ಲದು, ಯಾರೂ ಕೊಡುವುದಿಲ್ಲ, ಬರೀ ನೋಡಲು ಬಂದದ್ದು ಎಂದಳು. ನಾನು ಹೇಳಿದೆ, "ನಂಗೂ ಕೊಡೋ ಅಧಿಕಾರ ಇಲ್ವಂತೆ ಹುಚ್ಚಮ್ಮ. ಇಬ್ರೂ ಸೇರಿ ತಪ್ಪು ಮಾಡೋಣ, ಕೂತ್ಕೋ ಬಾ ಮಾರಾಯ್ತಿ." ಕೂತಳು. ಹೂವನ್ನು ಮುಡಿಯಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು. ಮಾರನೆಯ ದಿನ ಮುಡಿದು ಬಂದಳು.

ನೀವು ಬರುವುದಿಲ್ಲ ಎಂದು ಗೊತ್ತಿದೆ. ಆದರೂ ಬಾಗಿಲ ಸದ್ದಾದಾಗಲೆಲ್ಲ ಮೊದಲು ಕಿಟಕಿಯಿಂದ ನೋಡುತ್ತೇನೆ. ಅದೂ ಅಭ್ಯಾಸಬಲವೇ ಇರಬೇಕು.

ಇತಿ,
ಶ್ರೀಗೌರಿ


ವಿದ್ಯಾನಗರ, ಶಿವಮೊಗ್ಗ
29 ಸೆಪ್ಟೆಂಬರ್ 2025

ಚಿ|| ಶ್ರೀಗೌರಿಗೆ ಆಶೀರ್ವಾದಗಳು.

ನಿನ್ನೆ ಮಧ್ಯಾಹ್ನ ಮಲಗಿ ಎದ್ದು ಕಾಫಿಗೆಂದು ಅಡುಗೆಮನೆಗೆ ಹೋದೆ. ನಟ್ಟನಡುವೆ ಬಕೆಟ್. ಸ್ನಾನದ ಮನೆಗೆಂದು ತಂದಿದ್ದ ಹೊಸ ನೀಲಿ ಬಕೆಟ್. ಅದರ ತುಂಬ ಮಿಡಿ. ಪಕ್ಕದಲ್ಲಿ ಭರಣಿಯ ಮುಚ್ಚಳ. ಹೆಂಡತಿ ಇಲ್ಲ, ಕಾಫಿಯೂ ಇಲ್ಲ. ಮದುವೆಯಾಗಿ ನಲವತ್ತು ವರ್ಷದಲ್ಲಿ ಸೀತೆ ನನಗೆ ಹೇಳದೆ ಎಲ್ಲಿಗೂ ಹೋದವಳಲ್ಲ. ಸಂಜೆ ಬಂದು, ಎಲ್ಲಿಗೆ ಹೋಗಿದ್ದೆ ಎಂದರೆ 'ನಾದಿನಿ ಮನೆಗೆ' ಎಂದಳು. ಅಷ್ಟೇ. ಒಗ್ಗರಣೆ ಹಾಕಲು ಹೋದಳು.

ನಾನು ಯೋಚಿಸಿದೆ. ಭರಣಿ ಹೇಗೂ ಅಲ್ಲಿಗೆ ಬಂದಾಯಿತು. ಆದದ್ದಾಯಿತು. ಈಗಲೂ ಕಾಲ ಮಿಂಚಿಲ್ಲ. ರಾಜನನ್ನು ರಾಣಿಯ ಪಕ್ಕ ಕೂರಿಸು. ಜೋಡಿ ಪಟ್ಟ ಎಂದರೆ ಕೊನೇಪಕ್ಷ ಪದ್ಧತಿ ಉಳಿದಂತಾಗುತ್ತದೆ. ಕೇಳಿದವರಿಗೆ ನಾನೂ ಒಂದು ಉತ್ತರ ಹೇಳಬಹುದು. ಹಾಗೆ ಕೂರಿಸಿದರೆ ವಿಜಯದಶಮಿಯ ದಿನ ನಾನೇ ಬಂದು ಆರತಿಗೆ ನಿಲ್ಲುತ್ತೇನೆ. ನೀನು ಜುಲೈಯಲ್ಲಿ ಕೇಳಿದ್ದೂ ಇದನ್ನೇ ಅಲ್ಲವೇ?

ಇಷ್ಟನ್ನು ನನಗಾಗಿ ಮಾಡು.

ಇತಿ,
ಅಣ್ಣ


ಭದ್ರಾವತಿ
30 ಸೆಪ್ಟೆಂಬರ್ 2025

ಅಣ್ಣನಿಗೆ ನಮಸ್ಕಾರಗಳು.

'ಕುಮಾರಿ' ಬಿಟ್ಟುಹೋಗಿದೆ. ಮರೆತೆಯೋ, ಬಡ್ತಿ ಕೊಟ್ಟೆಯೋ, ಕೇಳುವುದಿಲ್ಲ. ಯಾವುದಾದರೂ ಸರಿ, ವಾಪಸ್ ಕೊಡುವುದಿಲ್ಲ.

ನಾಡಿದ್ದು ವಿಜಯದಶಮಿಯೂ ಗಾಂಧಿ ಜಯಂತಿಯೂ ಒಂದೇ ದಿನ ಬಿದ್ದು ಅಂಚೆಗೆ ರಜೆ. ಹಾಗಾಗಿ ಹುಚ್ಚಮ್ಮನ ಅಳಿಯ ಪುನೀತನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಅವನು ಶಿವಮೊಗ್ಗ ಬಸ್ಸಿನ ಕಂಡಕ್ಟರ್. ಇಲಾಖೆಗೆ ಇದು ಗೊತ್ತಾಗುವುದು ಬೇಡ.

ಅತ್ತಿಗೆ ಹೇಗೆ ಬಂದರು ಎಂದು ನಿನಗೆ ಅವರು ಹೇಳಿರಲಿಕ್ಕಿಲ್ಲ. ಹಳೆಯ ಸೀರೆಯಲ್ಲಿ ಭರಣಿ ಸುತ್ತಿ, ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ. ಹಜಾರಕ್ಕೆ ಬಂದು ನನ್ನ ಕೈಗೆ ಕೊಟ್ಟು ಹೇಳಿದರು, "ತಗೋ ಗೌರಿ. ಮಿಡಿ ಬಕೆಟ್ಟಿಗೆ ಸುರಿದಿದೀನಿ. ನಿಮ್ಮಣ್ಣ ಮಲಗಿದಾರೆ. ಎದ್ದ ಮೇಲೆ ಗೊತ್ತಾಗ್ಲಿ ಅಂತಲೇ ಬಕೆಟ್ ನಡುವಿಗಿಟ್ಟು ಬಂದೆ."

ಉಪ್ಪಿನಕಾಯಿ ಕೆಡುವುದಿಲ್ಲವೇ ಎಂದು ಕೇಳಿದೆ. ಕೆಟ್ಟರೆ ಕೆಡಲಿ, ಪ್ರತಿ ವರ್ಷ ಚೆನ್ನಾಗೇ ಬಂದು ತಮಗೂ ಬೇಜಾರಾಗಿದೆ ಎಂದರು. ಆಮೇಲೆ ರಾಣಿಯ ಮುಂದೆ ಬಹಳ ಹೊತ್ತು ನಿಂತರು. ಟ್ರಂಕಿನಲ್ಲಿದ್ದ ಆ ಮರದ ಜೋಡಿಗೆ ಪ್ರತಿ ವರ್ಷ ಕರ್ಪೂರದ ಉಂಡೆ ಇಟ್ಟು ಕಾಪಾಡಿದವರು ಅವರಂತೆ. ಅದನ್ನು ಮಾನಸಳಿಗೆ ಕೊಡುವಾಗ, ಇದು ಗೌರಿಯದಲ್ಲವೇ ಎಂದು ಒಂದು ಮಾತು ಕೇಳಿದರಂತೆ. ನೀನು ಕೇಳಿಸಿಕೊಳ್ಳಲಿಲ್ಲವಂತೆ. ಇದನ್ನು ದೂರು ಎಂದು ಅವರು ಹೇಳಲಿಲ್ಲ, ನಾನೂ ಬರೆಯುತ್ತಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. ಹೌದು, ಜುಲೈಯಲ್ಲಿ ನಾನು ಕೇಳಿದ್ದು ಇದನ್ನೇ. ಜುಲೈಯಲ್ಲಿ ಕೊಟ್ಟಿದ್ದರೆ ಕಣ್ಣಿಗೊತ್ತಿಕೊಂಡು ಕೂರಿಸುತ್ತಿದ್ದೆ, ನೀನು ಬಂದು ನಿಂತರೆ ಅತ್ತೂಬಿಡುತ್ತಿದ್ದೆ. ಆದರೆ ಈಗ ರಾಣಿಯನ್ನು ನಡುಮಧ್ಯದಿಂದ ಪಕ್ಕಕ್ಕೆ ಸರಿಸಬೇಕಾಗುತ್ತದೆ. ಒಂದು ವಾರದಿಂದ ಊರ ಹೆಂಗಸರು ಅವಳಿಗೆ ಆರತಿ ಎತ್ತಿದ್ದಾರೆ, ಹುಚ್ಚಮ್ಮ ಹೂ ಮುಡಿದಿದ್ದಾಳೆ. ಅವರೆಲ್ಲ ಬಂದು ನೋಡಿದಾಗ, ರಾಜರು ಬಂದರು, ಸ್ವಲ್ಪ ಸರಿದುಕೊಂಡಳು ಎಂದು ನಾನು ಹೇಳಬೇಕೇ? ಸರಿಸುವುದಿಲ್ಲ ಅಣ್ಣ. ನಿನಗಾಗಿ ಬೇರೆ ಏನು ಬೇಕಾದರೂ ಮಾಡುತ್ತೇನೆ, ಇದೊಂದು ಮಾಡುವುದಿಲ್ಲ.

ಹಾಗೆಂದು ರಾಜನಿಗೆ ಅವಮಾನವಾಗಿಲ್ಲ. ಅಷ್ಟು ವರ್ಷ ಉಗ್ರಾಣದಲ್ಲಿ ದುಡಿದ ಅನುಭವ ಇದೆಯಲ್ಲ, ಕೊನೆಯ ಮೆಟ್ಟಿಲಲ್ಲಿ ಶೆಟ್ಟಿಯ ಅಂಗಡಿಯಲ್ಲಿ ಕೆಲಸ ಕೊಡಿಸಿದ್ದೇನೆ. ಬೆಲ್ಲದ ಉಸ್ತುವಾರಿ ಅವನದು. ಮೈಯಿಂದ ಇನ್ನೂ ಇಂಗು, ಸಾಸಿವೆಯ ಘಮ ಬರುತ್ತಿದೆ. ಬಂದವರೆಲ್ಲ ಮೇಲೆ ನೋಡುವ ಮೊದಲು ಬಗ್ಗಿ ಅವನನ್ನು ಮೂಸುತ್ತಾರೆ. ಅವನ ಕೊಂಬೆ ಕೆಳಗಿನಿಂದಲೂ ಅವಳ ಕಡೆಗೇ ಬಾಗಿದೆ. ಅಷ್ಟು ಸಾಕು.

ಕೇಳಿದವರಿಗೆ ಹೇಳಲು ನಿನಗೊಂದು ಉತ್ತರ ಬೇಕು ಎಂದಿದ್ದೆ. ತಂಗಿ ಪಟ್ಟ ಕೂರಿಸಿದ್ದಾಳೆ, ಹೋಗಿ ನೋಡಿ ಎಂದು ಹೇಳು. ವಿಳಾಸ ನಾನು ಕೊಡುತ್ತೇನೆ, ಪಿನ್‌ಕೋಡ್ ಸಹಿತ.

ಇನ್ನು ಒಂದೇ ಒಂದು ಸಣ್ಣ ಉಪಕಾರ. ಅವಸರದಲ್ಲಿ ಅತ್ತಿಗೆ ಮುಚ್ಚಳವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ, ಬಕೆಟ್ಟಿನ ಪಕ್ಕ ನೀನು ನೋಡಿದೆಯಲ್ಲ, ಅದೇ. ಕಿರೀಟಕ್ಕಲ್ಲ, ರಾಜನೊಳಗೆ ತುಂಬಿಟ್ಟ ಬೆಲ್ಲಕ್ಕೆ ಇರುವೆ ಮುತ್ತುತ್ತಿವೆ. ಪುನೀತನ ಕೈಯಲ್ಲಿ ಕಳಿಸಬೇಡ, ಟಿಕೆಟ್ ಹರಿಯುವ ಗಡಿಬಿಡಿಯಲ್ಲಿ ಒಡೆದಾನು. ನಾಡಿದ್ದು ಸಂಜೆ ರಾಣಿಯನ್ನು ಮಲಗಿಸುವ ಮೊದಲು, ದಪ್ಪ ಟವೆಲ್ಲಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು, ನೀನೇ ತಂದುಕೊಡು.

ಇತಿ,
ನಿನ್ನ ತಂಗಿ ಶ್ರೀಗೌರಿ